ಈ ನೀರಿನ ಮೇಲ್ಗಡೆ ಏನಿದೆ? ಕೊಡಗಿನಲ್ಲಿ ಟೆಂಟ್ ಹಾಕುವವರಿಗೆ ಕುಡಿಯುವ ನೀರಿನ ದಾರಿ

ಕೊಡಗಿಗೆ ಟೆಂಟ್ ಹಾಕಲು ಬರುವವರು ಟಾರ್ಚ್, ಮಳೆಕೋಟು, ಮಲಗುವ ಚೀಲ, ಜಿಗಣೆಗೆ ಉಪ್ಪು, ಎಲ್ಲವನ್ನೂ ನೆನಪಿಟ್ಟು ತರುತ್ತಾರೆ. ನೀರಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾವೇರಿ ಹುಟ್ಟುವ ಜಾಗ ಅಲ್ವಾ, ನೀರಿಗೇನು ಕೊರತೆ ಅಂದುಕೊಳ್ಳುತ್ತಾರೆ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟಿ ಮಳೆ ಸುರಿಯುವುದು ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹರಿದು ಹೋಗುತ್ತದೆ. ನೀವು ಟೆಂಟ್ ಹೊತ್ತು ಬರುವುದು ಡಿಸೆಂಬರ್‌ನಿಂದ ಮೇ ತನಕ. ಆಗ ಸಿಗುವ ನೀರೇ ಕಡಿಮೆ. ಅದರಲ್ಲಿ ಹಾಗೇ ಕುಡಿಯಬಹುದಾದದ್ದು ಇನ್ನೂ ಕಡಿಮೆ.

ನಾನು ವಿರಾಜಪೇಟೆ ಕಡೆಯ ಕಾಫಿ ತೋಟದಲ್ಲಿ ಬೆಳೆದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ರಜೆಯಲ್ಲಿ ಮಕ್ಕಳನ್ನು ಕ್ಯಾಂಪಿಗೆ ಕರೆದುಕೊಂಡು ಹೋಗುತ್ತೇನೆ. ಇನ್ನೊಬ್ಬರ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೊರಟ ಮೇಲೆ ಅವರು ಏನು ಕುಡಿಯುತ್ತಾರೆ ಅನ್ನುವುದು ನನ್ನ ಜವಾಬ್ದಾರಿ. ಹಾಗಾಗಿ ಎಲ್ಲೇ ಹೋದರೂ ಮೊದಲು ಕೇಳುವುದು ಒಂದೇ ಮಾತು: ಈ ನೀರಿನ ಮೇಲ್ಗಡೆ ಏನಿದೆ? ಕೊಡಗು ಇಳಿಜಾರಿನ ನಾಡು. ಮೇಲೆ ಇರುವುದು ಇವತ್ತಲ್ಲ ನಾಳೆ ಕೆಳಗಿನ ನೀರಿಗೆ ಬಂದೇ ಬರುತ್ತದೆ.

ನಲ್ಲಿ ಇದೆ ಅಂದರೆ ಸಾಲದು

ತಡಿಯಂಡಮೋಳ್, ಪುಷ್ಪಗಿರಿಯಂಥ ಬೆಟ್ಟಗಳಿಗೆ ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಂಡು ಹೋಗಬೇಕು. ತುದಿಯಲ್ಲಿ ರಾತ್ರಿ ಟೆಂಟ್ ಹಾಕಲು ಬಿಡುವುದಿಲ್ಲ. ಹಾಗಾಗಿ ಟೆಂಟ್ ಜಾಗ ಅಂದರೆ ಹೆಚ್ಚಾಗಿ ತೋಟದ ಮೂಲೆಯ ಬಯಲು, ಹೋಂಸ್ಟೇ ಅಂಗಳ, ಇಲ್ಲವೇ ಹೊಳೆ ಬದಿಯ ಕ್ಯಾಂಪ್. ಅಲ್ಲೆಲ್ಲ ಒಂದು ನಲ್ಲಿ ಇದ್ದೇ ಇರುತ್ತದೆ. ನಲ್ಲಿ ಕಂಡ ಕೂಡಲೇ ಜನ ಬಾಟಲಿ ಹಿಡಿಯುತ್ತಾರೆ. ಪಟ್ಟಣದ ಅಭ್ಯಾಸ ಅದು. ಪಟ್ಟಣದಲ್ಲಿ ನಲ್ಲಿಯ ಹಿಂದೆ ಶುದ್ಧೀಕರಣ ಘಟಕ ಇರುತ್ತದೆ. ಇಲ್ಲಿ ನಲ್ಲಿಯ ಹಿಂದೆ ಒಂದು ಕಪ್ಪು ಪೈಪ್ ಇರುತ್ತದೆ, ಪೈಪಿನ ಆ ತುದಿ ಗುಡ್ಡದ ಮೇಲಿನ ಯಾವುದೋ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಇರುತ್ತದೆ. ನಡುವೆ ಒಂದು ಪ್ಲಾಸ್ಟಿಕ್ ಟ್ಯಾಂಕ್. ಅಷ್ಟೇ.

ಕೇಳುವುದಕ್ಕೆ ಸಂಕೋಚ ಬೇಡ. ನಾನು ಕೇಳುವುದು ಹೀಗೆ.

"ಅಣ್ಣ, ಈ ನಲ್ಲಿ ನೀರು ಎಲ್ಲಿಂದ ಬರೋದು?"

"ಮೇಲಿನ ತೋಡಿಂದ ಅಕ್ಕ. ಒಳ್ಳೆ ನೀರು, ಎಲ್ಲರೂ ಕುಡೀತಾರೆ."

"ಆ ತೋಡಿನ ಮೇಲೆ ಏನುಂಟು?"

"ತೋಟ ಉಂಟು. ಅದರ ಮೇಲೆ ಲೈನ್ ಮನೆ."

ಇಲ್ಲಿಗೆ ಉತ್ತರ ಸಿಕ್ಕಿತು. ಲೈನ್ ಮನೆ ಅಂದರೆ ತೋಟದ ಕೆಲಸದವರು ಇರುವ ಸಾಲು ಮನೆ. ಅಲ್ಲಿ ಜನ ಇದ್ದಾರೆ, ಅವರ ಬಚ್ಚಲು, ಶೌಚಾಲಯ, ದನ, ಕೋಳಿ ಇವೆ. ಅವರಿಗೆ ಸರಿಯಾದ ಶೌಚಾಲಯ ಕಟ್ಟಿಸಿಕೊಡದೆ ಇದ್ದರೆ ಅದು ಅವರ ತಪ್ಪಲ್ಲ. ಆದರೆ ಆ ತೋಡಿನ ನೀರನ್ನು ಕುದಿಸದೆ ಯಾರೂ ಕುಡಿಯಬಾರದು, ಅವರೂ ಸಹ. ಅದೇ ಉತ್ತರ "ಮೇಲೆ ಏನೂ ಇಲ್ಲ, ಬರೀ ಕಾಡು" ಅಂತ ಬಂದಿದ್ದರೆ ಅರ್ಧ ನೆಮ್ಮದಿ. ಅರ್ಧ ಮಾತ್ರ, ಯಾಕಂದರೆ ಕಾಡಿನಲ್ಲಿ ಆನೆ, ಹಂದಿ, ಕಡವೆ ಎಲ್ಲ ನೀರಿಗೆ ಇಳಿಯುತ್ತವೆ.

ಆಮೇಲೆ ಟ್ಯಾಂಕ್ ತೊಳೆದದ್ದು ಯಾವಾಗ ಅಂತ ಕೇಳಿ. ಉತ್ತರ ಥಟ್ಟನೆ ಬರಬೇಕು. ಯೋಚನೆ ಮಾಡಿ ಹೇಳಿದರೆ ತೊಳೆದಿಲ್ಲ ಅಂತಲೇ ಲೆಕ್ಕ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ: "ನೀವು ಮನೆಯವರು ಯಾವುದು ಕುಡಿಯುತ್ತೀರಿ?" ಅಡುಗೆ ಮನೆಯ ಅಕ್ಕ ಒಲೆ ಪಕ್ಕದ ಪಾತ್ರೆ ತೋರಿಸಿ "ಇದು, ಕಾಯಿಸಿದ್ದು" ಅಂದರೆ ನೀವೂ ಅದನ್ನೇ ಕೇಳಿ ತುಂಬಿಸಿಕೊಳ್ಳಿ. ಕೊಡಗಿನ ಮನೆಗಳಲ್ಲಿ ನೀರು ಕೇಳಿದರೆ ಇಲ್ಲ ಅನ್ನುವವರನ್ನು ನಾನು ಕಂಡಿಲ್ಲ.

ಸಮಯ ಇದ್ದರೆ, ಅಲ್ಲಿಯ ಕೆಲಸದವರೊಬ್ಬರ ಜೊತೆ ಪೈಪಿನ ಹಾದಿ ಹಿಡಿದು ಮೇಲೆ ಹೋಗಿ ನೋಡಿ ಬನ್ನಿ. ಒಬ್ಬರೇ ಹೋಗಬೇಡಿ, ಬೆಳಿಗ್ಗೆ ಬೇಗ ಮತ್ತು ಸಂಜೆ ಹೋಗಲೇಬೇಡಿ, ಆನೆ ಇರುವ ಜಾಗ. ಪೈಪಿನ ಬಾಯಿಗೆ ಬಲೆ ಕಟ್ಟಿದೆಯಾ, ಪಕ್ಕದಲ್ಲಿ ದನದ ಹೆಜ್ಜೆ ಇದೆಯಾ, ಅಲ್ಲೇ ಯಾರಾದರೂ ಬಟ್ಟೆ ಒಗೆಯುತ್ತಾರಾ, ಎಲೆ ಕೊಳೆತು ನಿಂತಿದೆಯಾ? ಹತ್ತು ನಿಮಿಷ ಅಲ್ಲಿ ನಿಂತರೆ ಯಾರ ಮಾತೂ ಬೇಕಾಗುವುದಿಲ್ಲ.

ತೆರೆದ ಬಾವಿ ಇದ್ದರೆ ಬಾವಿಗೆ ಎತ್ತರದ ಕಟ್ಟೆ ಇರಬೇಕು, ಮೇಲೆ ಬಲೆ ಇರಬೇಕು. ಶೌಚಾಲಯದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಇಳಿಜಾರಿನಲ್ಲಿ ಆ ಲೆಕ್ಕ ಸಾಕಾಗುವುದಿಲ್ಲ. ಗುಂಡಿ ಬಾವಿಗಿಂತ ಮೇಲಿದ್ದರೆ ದೂರ ಎಷ್ಟೇ ಇರಲಿ, ನಾನು ಕುದಿಸಿಯೇ ಕುಡಿಸುತ್ತೇನೆ.

ಬೋರ್‌ವೆಲ್ ನೀರಿನಲ್ಲಿ ಕ್ರಿಮಿಗಳ ಭಯ ಕಡಿಮೆ, ಆದರೆ ಎಷ್ಟೋ ಕಡೆ ಕಬ್ಬಿಣದ ಅಂಶ ಜಾಸ್ತಿ. ಬಕೆಟ್ಟಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ. ಟೀ ಮಾಡಿದರೆ ಕಪ್ಪಗಾಗುತ್ತದೆ. ಇದರಿಂದ ಎರಡು ದಿನದಲ್ಲಿ ಏನೂ ಆಗುವುದಿಲ್ಲ, ರುಚಿ ಮಾತ್ರ ಕೆಟ್ಟದು. ರಾತ್ರಿ ತುಂಬಿಸಿಟ್ಟು ಬೆಳಿಗ್ಗೆ ಮೇಲಿನ ತಿಳಿ ಬಸಿದುಕೊಳ್ಳಿ.

ಪಂಚಾಯಿತಿ ನಲ್ಲಿಯ ನೀರು ಸಿಕ್ಕಿ, ಅದರಲ್ಲಿ ಸಣ್ಣಗೆ ಬ್ಲೀಚಿಂಗ್ ವಾಸನೆ ಬಂದರೆ ಮುಖ ಸಿಂಡರಿಸಬೇಡಿ. ಅದು ಒಳ್ಳೆಯ ಸೂಚನೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಭಾರತೀಯ ಮಾನಕ. ಟ್ಯಾಂಕಿನಿಂದ ನಿಮ್ಮ ಲೋಟದ ತನಕ ಕಾವಲಿಗೆ ಇರುವುದು ಅದೇ.

ಊಟದ ಕೋಣೆಯಲ್ಲಿ ಫಿಲ್ಟರ್ ಮಷಿನ್ ಇದೆ ಅಂದಾಗಲೂ ಒಮ್ಮೆ ನೋಡಿ. ಅದರೊಳಗೆ ಕ್ರಿಮಿ ಸಾಯಿಸುವ ಯುವಿ ದೀಪ ಕೆಲಸ ಮಾಡಲು ಕರೆಂಟ್ ಬೇಕು. ಗಾಳಿಮಳೆಗೆ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲದ ಊರು ನಮ್ಮದು. ಮೇಣದಬತ್ತಿಯಾಕಾರದ ಕ್ಯಾಂಡಲ್ ಇರುವ ಸ್ಟೀಲ್ ಫಿಲ್ಟರ್ ಆದರೆ ಮುಚ್ಚಳ ತೆಗೆದು ನೋಡಿ. ಒಂದು ಕ್ಯಾಂಪಿನಲ್ಲಿ ಕ್ಯಾಂಡಲ್ ಮೇಲೆ ಕಂದು ಪಾಚಿ ಬೆರಳಿಗೆ ಅಂಟುವಷ್ಟಿತ್ತು, ಹೊರಗೆ 'ಶುದ್ಧ ನೀರು' ಅಂತ ಬೋರ್ಡ್ ಇತ್ತು. ಅವತ್ತು ನಾವು ಅವರದ್ದೇ ಹಂಡೆ ಕೇಳಿ ಪಡೆದು ಎಲ್ಲರಿಗೂ ನೀರು ಕಾಯಿಸಿಕೊಂಡೆವು. ಹೋಟೆಲಿನ ಕೆಂಪು ಬಿಸಿನೀರಿಗೂ ಇದೇ ಮಾತು. ವಿರಾಜಪೇಟೆ, ಗೋಣಿಕೊಪ್ಪ ಕಡೆ ಕೇರಳದ ರೂಢಿಯಂತೆ ಪದಿಮುಗಂ ಅನ್ನುವ ಮರದ ಚಕ್ಕೆ ಹಾಕಿ ನೀರು ಕೊಡುತ್ತಾರೆ. ಚೆನ್ನಾಗಿ ಕುದಿಸಿದ್ದರೆ ಅದರಷ್ಟು ಒಳ್ಳೆಯ ನೀರಿಲ್ಲ. ಆದರೆ ಕೆಲವರು ಗಟ್ಟಿ ಕಷಾಯಕ್ಕೆ ತಣ್ಣೀರು ಬೆರೆಸುತ್ತಾರೆ. ಬಣ್ಣ ನೋಡಿ ಮೋಸ ಹೋಗಬೇಡಿ. ಲೋಟ ಮುಟ್ಟಿದರೆ ಬಿಸಿ ಇರಬೇಕು.

ತೋಟದ ಕಾಲ ನೋಡಿಕೊಂಡು ನೀರು ನಂಬಿ

ಇದನ್ನು ಹೊರಗಿನಿಂದ ಬರುವವರಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ತೋಡಿನ ನೀರು ಇಡೀ ವರ್ಷ ಒಂದೇ ತರ ಇರುವುದಿಲ್ಲ. ತೋಟದಲ್ಲಿ ಯಾವ ಕೆಲಸ ನಡೆಯುತ್ತಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದು, ಕಣದಲ್ಲಿ ಒಣಗಿಸುತ್ತಾರೆ. ಆ ತೊಳೆದ ನೀರು ಹುಳಿಯಾಗಿರುತ್ತದೆ, ಸಕ್ಕರೆ ಅಂಶ ತುಂಬಿರುತ್ತದೆ, ಬೇಗ ಕೊಳೆಯುತ್ತದೆ. ಅದನ್ನು ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹದ ಮಾಡಬೇಕು, ಹೊಳೆಗೆ ಬಿಡುವಂತಿಲ್ಲ. ಹೆಚ್ಚಿನವರು ಹಾಗೇ ಮಾಡುತ್ತಾರೆ. ಆದರೆ ಒಂದು ಗುಂಡಿ ತುಂಬಿ ಹರಿದರೂ ಕೆಳಗಿನ ತೋಡು ಕೆಡುತ್ತದೆ. ನೀರು ಕಂದಾಗಿದ್ದರೆ, ಮೇಲೆ ನೊರೆ ನಿಂತಿದ್ದರೆ, ಹುಳಿ ಹೆಂಡದಂಥ ವಾಸನೆ ಬಂದರೆ ಆ ತೋಡನ್ನು ಬಿಟ್ಟುಬಿಡಿ. ಕುದಿಸಿದರೆ ಇದು ಹೋಗುವುದಿಲ್ಲ. ರೊಬಸ್ಟಾವನ್ನು ಬಹುಪಾಲು ಹಣ್ಣಿನ ಸಮೇತ ಒಣಗಿಸುವುದರಿಂದ ಅಂಥ ತೋಟದ ಕೆಳಗೆ ಈ ಭಯ ಕಡಿಮೆ.

ಇನ್ನೊಂದು ಬೋರ್ಡೋ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ದ್ರಾವಣ. ಮಳೆ ಶುರುವಾಗುವ ಮೊದಲು ಮೇ, ಜೂನ್ ಹೊತ್ತಿಗೆ ಕಾಫಿಗೂ ಕಾಳುಮೆಣಸಿನ ಬಳ್ಳಿಗೂ ಹೊಡೆಯುತ್ತಾರೆ, ಮಳೆಯ ನಡುವೆ ಬಿಡುವು ಸಿಕ್ಕಾಗ ಮತ್ತೊಮ್ಮೆ. ಎಲೆಗಳ ಮೇಲೆ ತಿಳಿನೀಲಿ ಕಲೆ ಕಂಡರೆ ಹೊಸದಾಗಿ ಹೊಡೆದಿದ್ದಾರೆ ಅಂತ ಅರ್ಥ. ಕೀಟಗಳಿಗೆ ಹೊಡೆಯುವ ಔಷಧಿಗೆ ಇಂಥ ಗುರುತೂ ಇರುವುದಿಲ್ಲ. ಆದ್ದರಿಂದ ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯನ್ನು ಕೇಳಿ: "ಈಚೆಗೆ ಸ್ಪ್ರೇ ಏನಾದರೂ ಮಾಡಿದ್ದೀರಾ?" ಹೌದು ಅಂದರೆ ಆ ತೋಟದ ಕೆಳಗಿನ ತೋಡು, ಕೆರೆ ಎರಡೂ ಬೇಡ. ಔಷಧಿ ಡ್ರಮ್‌ಗೆ ನೀರು ತುಂಬಿಸುವುದೂ ಅದೇ ಕೆರೆ ದಂಡೆಯಲ್ಲಿ.

ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಬರುತ್ತದೆ. ತೋಟದವರಿಗೆ ಅದು ಹಬ್ಬ. ಕ್ಯಾಂಪಿನವರು ಮಾತ್ರ ಆ ಮಳೆ ಬಿದ್ದ ಮೊದಲ ದಿನದ ತೋಡು ನೀರು ಮುಟ್ಟಬೇಡಿ. ತಿಂಗಳುಗಟ್ಟಲೆ ನೆಲದ ಮೇಲೆ ಕೂತಿದ್ದ ಸಗಣಿ, ಗೊಬ್ಬರ, ಧೂಳು ಎಲ್ಲ ಒಟ್ಟಿಗೆ ಇಳಿದು ಬರುತ್ತದೆ.

ಬೆಟ್ಟ ಹತ್ತುವಾಗ

ಹುಲ್ಲಿನ ಬೆಟ್ಟದ ನೆತ್ತಿಯಲ್ಲಿ ಬೇಸಿಗೆಗೆ ನೀರಿಲ್ಲ. ನೀರು ಇರುವುದು ಎರಡು ಗುಡ್ಡಗಳ ನಡುವಿನ ಕೊಲ್ಲಿಯಲ್ಲಿ, ಶೋಲಾ ಕಾಡು ಗುಂಪಾಗಿ ನಿಂತಿರುವ ಕಡೆ. ಹುಲ್ಲಿನ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗಿ, ಆ ಕಾಡಿನ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ದೂರದಿಂದ ನೋಡಿದರೆ ಕಂದು ಹುಲ್ಲಿನ ನಡುವೆ ಕಡುಹಸಿರು ಗೆರೆ ಕಾಣುತ್ತದೆ, ಅದೇ ನೀರಿನ ದಾರಿ. ಕೇದಗೆ ಪೊದೆ, ಕಾಡುಬಾಳೆ, ಜರಿಗಿಡ ದಟ್ಟವಾಗಿದ್ದರೆ ತೇವ ಹತ್ತಿರದಲ್ಲೇ ಇದೆ. ಆದರೆ ಅದನ್ನು ಹುಡುಕಿಕೊಂಡು ಹಾದಿ ಬಿಟ್ಟು ಕಾಡಿಗೆ ನುಗ್ಗಬೇಡಿ. ಹಾದಿ ತೋಡನ್ನು ದಾಟುವ ಜಾಗದಲ್ಲೇ ತುಂಬಿಸಿಕೊಳ್ಳಿ. ದೇವರಕಾಡಿನ ಒಳಗಿನ ನೀರನ್ನು ಊರಿನವರ ಅಪ್ಪಣೆ ಇಲ್ಲದೆ ಮುಟ್ಟಬಾರದು.

ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯಿಂದ ಮೇಲೆ ಹೋಗುವಾಗ ಮೊದಲ ಭಾಗದಲ್ಲಿ ತೋಡು ಸಿಗುತ್ತದೆ. ಕೊನೆಯ ಕಡಿದಾದ ಏರು ಶುರುವಾದ ಮೇಲೆ ನೀರು ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಬಿಸಿಲಿನ ದಿನ ಒಬ್ಬರಿಗೆ 3 ಲೀಟರ್ ಕೆಳಗಿನಿಂದಲೇ ಹೊತ್ತುಕೊಳ್ಳಿ. ಪುಷ್ಪಗಿರಿಗೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತುವವರಿಗೂ ಕೆಳಗಿನ ಕಾಡಿನಲ್ಲೇ ನೀರು, ಮೇಲಿನ ಬಂಡೆಯಲ್ಲಿ ಅಲ್ಲ. ಸುಬ್ರಹ್ಮಣ್ಯದ ಕಡೆಯಿಂದ ಬರುವವರು ನೆಚ್ಚಿಕೊಳ್ಳುವ ಕಲ್ಲುಮಂಟಪದ ಹತ್ತಿರದ ನೀರು ಬೇಸಿಗೆಯಲ್ಲಿ ಸಣ್ಣಗಾಗುತ್ತದೆ. ಹೊರಡುವ ಮೊದಲು ಚೆಕ್‌ಪೋಸ್ಟಿನ ವಾಚರ್ ಅಣ್ಣನನ್ನು ಕೇಳಿ, ಆ ವಾರ ಎಲ್ಲಿ ನೀರಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಇರ್ಪುವಿನಲ್ಲಿ ನನ್ನ ಪ್ರಶ್ನೆಗೆ ಕಣ್ಣೆದುರೇ ಉತ್ತರ ಇದೆ. ಲಕ್ಷ್ಮಣತೀರ್ಥ ಬ್ರಹ್ಮಗಿರಿಯ ಕಾಡಿನಿಂದ ಇಳಿದು ಜಲಪಾತವಾಗುತ್ತದೆ. ಜಲಪಾತದ ಮೇಲೆ ಕಾಡು, ಕೆಳಗೆ ಸ್ನಾನ ಮಾಡುವ ಜನ. ಶಿವರಾತ್ರಿ ಹೊತ್ತಿಗೆ ಇನ್ನೂ ಜಾಸ್ತಿ. ಒಂದೇ ಹೊಳೆ, ಕೆಲವೇ ಹೆಜ್ಜೆಗಳ ಅಂತರ, ನೀರು ಬೇರೆ. ಭಾಗಮಂಡಲದ ಸಂಗಮವೂ ಹಾಗೇ. ಅಲ್ಲಿಯ ತೀರ್ಥವನ್ನು ಕಣ್ಣಿಗೊತ್ತಿಕೊಳ್ಳೋಣ. ಸ್ನಾನಘಟ್ಟದ ಕೆಳಗೆ ಕುಡಿಯಲು ಬಾಟಲಿ ತುಂಬಿಸುವುದು ಬೇಡ. ಇನ್ನು ಕುಶಾಲನಗರದ ಆಸುಪಾಸಿನಲ್ಲಿ ಕಾವೇರಿ ಅಷ್ಟೊತ್ತಿಗೆ ಎಷ್ಟೋ ಊರು ದಾಟಿ ಬಂದಿರುತ್ತಾಳೆ. ಹೊಳೆ ಬದಿಯ ಕ್ಯಾಂಪ್ ಆದರೂ ಕುಡಿಯುವ ನೀರು ಪೇಟೆಯಿಂದಲೇ ತನ್ನಿ.

ತೋಡಿನಲ್ಲಿ ಹರಿಯುವ ಕಡೆ, ಕಲ್ಲಿನ ಮೇಲಿಂದ ಬೀಳುವ ಕಡೆ ಹಿಡಿಯಿರಿ. ನಿಂತ ನೀರು ಬೇಡ. ಬಗ್ಗಿ ಬಾಯಿ ಹಚ್ಚಿ ಕುಡಿಯುವುದು ಚೆಂದ ಕಾಣಬಹುದು, ಆದರೆ ಸಣ್ಣ ಜಿಗಣೆಗಳು ಮೂಗು, ಗಂಟಲಿಗೆ ಸೇರಿಕೊಳ್ಳಬಹುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಿಡಿದ ನೀರನ್ನು ಕುಡಿಯುವ ನೀರು ಮಾಡುವುದು

ಮೊದಲು ಸೋಸಿ. ಹಳೆಯ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರೆ ಮಣ್ಣು, ಹುಳ, ಕಸ ನಿಲ್ಲುತ್ತದೆ. ನೀರು ಕದಡಿದ್ದರೆ ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ತಿಳಿ ಬಸಿಯಿರಿ. ಪಟಿಕದ ತುಂಡನ್ನು ನೀರಿನಲ್ಲಿ ಎರಡು ಸುತ್ತು ತಿರುಗಿಸಿದರೆ ಮಣ್ಣು ಬೇಗ ತಳ ಸೇರುತ್ತದೆ. ಇದರಿಂದ ನೀರು ತಿಳಿಯಾಗುತ್ತದೆ ಅಷ್ಟೇ, ಕ್ರಿಮಿ ಸಾಯುವುದಿಲ್ಲ.

ಆಮೇಲೆ ಕುದಿಸಿ. ಗುಳ್ಳೆ ಉಕ್ಕಿ ಉಕ್ಕಿ ಬರುವಂತೆ 1 ನಿಮಿಷ ಕುದಿಸಿದರೆ ಸಾಕು. ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ ಅಲ್ವಾ ಅಂತ ಮಕ್ಕಳು ಕೇಳುತ್ತಾರೆ. ಹೌದು, ತಡಿಯಂಡಮೋಳ್ ಎತ್ತರದಲ್ಲಿ ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಆದರೂ ಅಷ್ಟು ಬಿಸಿ ಕ್ರಿಮಿ ಸಾಯಿಸಲು ಸಾಕು. 3 ನಿಮಿಷ ಕುದಿಸಬೇಕಾಗುವುದು 2000 ಮೀಟರ್ ದಾಟಿದ ಮೇಲೆ, ಕೊಡಗಿನಲ್ಲಿ ಅಷ್ಟು ಎತ್ತರ ಎಲ್ಲೂ ಇಲ್ಲ. ಸಣ್ಣ ಗ್ಯಾಸ್ ಒಲೆ ತನ್ನಿ. ಕಾಡಿನ ಸೌದೆ ಮುಟ್ಟುವಂತಿಲ್ಲ, ಮುಟ್ಟಿದರೂ ಮಂಜಿನಲ್ಲಿ ನೆನೆದ ಸೌದೆ ಉರಿಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಮರುದಿನದ ನೀರು ಕುದಿಸಿ, ಮುಚ್ಚಿಟ್ಟು ತಣಿಯಲು ಬಿಡಿ.

ಒಲೆ ಇಲ್ಲದ ಕಡೆಗೆ ಕ್ಲೋರಿನ್ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಒಂದು ಮಾತ್ರೆ ಎಷ್ಟು ಲೀಟರಿಗೆ ಅನ್ನುವುದು ಒಂದೊಂದು ಕಂಪನಿಯದ್ದು ಒಂದೊಂದು ತರ, ಪ್ಯಾಕೆಟ್ ಓದಿ. ಹಾಕಿ ಕಲಕಿ 30 ನಿಮಿಷ ಕಾಯಿರಿ. ನೀರು ತುಂಬ ತಣ್ಣಗಿದ್ದರೆ ಇನ್ನೂ ಜಾಸ್ತಿ ಹೊತ್ತು. ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲಿಸಿ ಆ ನೀರನ್ನು ಮುಚ್ಚಳದ ಸುತ್ತಿಗೂ ತಾಗಿಸಿ, ಬಾಯಿ ತಾಗುವುದು ಅಲ್ಲೇ. ಕದಡಿದ ನೀರಿನಲ್ಲಿ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಮೊದಲು ಸೋಸಲು ಹೇಳಿದ್ದು.

ಹಿಂಡಿ ಕುಡಿಯುವ ಸಣ್ಣ ಫಿಲ್ಟರ್ ಈಗ ತುಂಬ ಜನ ತರುತ್ತಾರೆ. 0.1 ಮೈಕ್ರಾನ್‌ನದ್ದು ಬ್ಯಾಕ್ಟೀರಿಯಾ ತಡೆಯುತ್ತದೆ, ಆದರೆ ಕಾಮಾಲೆ ತರುವ ವೈರಸ್ ಅದಕ್ಕಿಂತ ಸಣ್ಣದು, ದಾಟಿಬಿಡುತ್ತದೆ. ಮೇಲೆ ಬರೀ ಕಾಡಿದ್ದರೆ ಫಿಲ್ಟರ್ ಸಾಕು. ಮೇಲೆ ಮನೆಗಳಿದ್ದರೆ ಫಿಲ್ಟರ್ ಆದ ಮೇಲೂ ಕುದಿಸಿ ಅಥವಾ ಮಾತ್ರೆ ಹಾಕಿ. ಪಾರದರ್ಶಕ ಬಾಟಲಿಯನ್ನು 6 ಗಂಟೆ ಬಿಸಿಲಲ್ಲಿ ಇಡುವ ಉಪಾಯ ಬಯಲುಸೀಮೆಗೆ ಸರಿ. ಮಧ್ಯಾಹ್ನದ ತನಕ ಮಂಜು ಬಿಡದ ಜಾಗದಲ್ಲಿ ಅದನ್ನು ನಂಬಬೇಡಿ.

ಪ್ರತಿ ವರ್ಷ ಒಂದೇ ಜಾಗಕ್ಕೆ ಹೋಗುವ ಶಾಲೆ, ಸಂಘದವರಿಗೆ ಒಂದು ಮಾತು. ಎಚ್‌2ಎಸ್ ಅನ್ನುವ ಸಣ್ಣ ಪರೀಕ್ಷಾ ಬಾಟಲಿ ಸಿಗುತ್ತದೆ. ಗುರುತಿನ ತನಕ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ, ಮಲದಿಂದ ಕೆಟ್ಟ ನೀರಾಗಿದ್ದರೆ ಕಪ್ಪಾಗುತ್ತದೆ. ನಾನು ಜಾಗ ನೋಡಲು ಹೋದಾಗಲೇ ತುಂಬಿಸಿಕೊಂಡು ಬರುತ್ತೇನೆ. ಕಪ್ಪಾದ ಬಾಟಲಿ ತೋರಿಸಿದರೆ ಕ್ಯಾಂಪಿನವರು ವಾದ ಮಾಡುವುದಿಲ್ಲ, ಟ್ಯಾಂಕ್ ತೊಳೆಸುತ್ತಾರೆ.

ಹೊತ್ತು ತರುವುದು

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 5 ಲೀಟರ್ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ದಿನಕ್ಕೊಂದು 20 ಲೀಟರ್ ಕ್ಯಾನ್. ಕಾರು ಹೋಗುವ ಜಾಗವಾದರೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಪೇಟೆಗಳಲ್ಲಿ ನಾಣ್ಯ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕ ಎಲ್ಲಿದೆ ಅಂತ ವಿಚಾರಿಸಿ, ಗಟ್ಟಿ ಕ್ಯಾನ್‌ನಲ್ಲಿ ತುಂಬಿಸಿಕೊಳ್ಳಿ. ಸಣ್ಣ ಪ್ಲಾಸ್ಟಿಕ್ ಬಾಟಲಿಗಳ ಕಟ್ಟು ತರಬೇಡಿ. ಅವು ಕೊನೆಗೆ ಸೇರುವುದು ನಾವು ಈಗ ಮಾತಾಡಿದ ಅದೇ ತೋಡಿಗೆ.

ನಿಮ್ಮ ಕ್ಯಾಂಪಿನ ಕೆಳಗೂ ಯಾರೋ ನೀರು ಹಿಡಿಯುತ್ತಿರುತ್ತಾರೆ. ಪಾತ್ರೆ ತೊಳೆಯುವುದು, ಶೌಚಕ್ಕೆ ಹೋಗುವುದು ಎಲ್ಲ ತೋಡಿನಿಂದ ಕನಿಷ್ಠ 60 ಮೀಟರ್ ದೂರ ಇರಲಿ. ಟೆಂಟ್ ಕೂಡ ನೀರಿನ ಅಂಚಿನಲ್ಲಿ ಬೇಡ, ರಾತ್ರಿ ಆನೆ ನೀರಿಗೆ ಬರುವ ದಾರಿ ಅದು.

ಇಷ್ಟೆಲ್ಲ ಮಾಡಿದರೂ ಯಾರಿಗಾದರೂ ಭೇದಿ ಶುರುವಾದರೆ ತಡ ಮಾಡದೆ ಒಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಇರಿ. ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಕೆಲವು ಕಾಯಿಲೆ ಊರಿಗೆ ಹೋದ ಮೇಲೆ ತಲೆ ಎತ್ತುತ್ತವೆ. ಟೈಫಾಯ್ಡ್ ಒಂದರಿಂದ ಮೂರು ವಾರಕ್ಕೆ, ಕಾಮಾಲೆ ತಿಂಗಳ ಆಸುಪಾಸಿಗೆ. ಕಾಲಿಗೆ ಗಾಯ ಇದ್ದು ಗದ್ದೆ, ತೋಡಿನ ನೀರಿಗೆ ಇಳಿದಿದ್ದರೆ ಇಲಿ ಜ್ವರದ ಸಂಶಯವೂ ಇರಬೇಕು. ಆಗ ಡಾಕ್ಟರ್ ಹತ್ತಿರ ಹೋದಾಗ ಕೊಡಗಿನಲ್ಲಿ ಟೆಂಟ್ ಹಾಕಿದ್ದೆವು, ಇಂಥ ಕಡೆ ನೀರು ಕುಡಿದಿದ್ದೆವು, ಇಂಥ ದಿನ ತೋಡಿಗೆ ಇಳಿದಿದ್ದೆವು ಅಂತ ಹೇಳಿ. ಅವರು ಕೇಳದಿದ್ದರೂ ಹೇಳಿ.